ಗುಮಾಸ್ತನ ಸಂಬಳ ಯಾರು ಕೊಡಬೇಕು?

ಫೆಬ್ರುವರಿ ಅರ್ಧ ಕಳೆಯಿತೆಂದರೆ ಬೆಂಗಳೂರಿನ ಸಣ್ಣಪುಟ್ಟ ಟ್ರಸ್ಟ್‌ಗಳ ಕಾರ್ಯದರ್ಶಿಗಳಿಗೆ ಗೊತ್ತಿಲ್ಲದ ನಂಬರುಗಳಿಂದ ಫೋನು ಬರತೊಡಗುತ್ತದೆ. ‘ಸರ್, ನಮ್ಮ ಸಿಎಸ್‌ಆರ್‌ನಲ್ಲಿ ಸ್ವಲ್ಪ ಬಜೆಟ್ ಉಳಿದಿದೆ. ಶುಕ್ರವಾರದೊಳಗೆ ಒಂದು ಪ್ರಪೋಸಲ್ ಕಳಿಸ್ತೀರಾ?’ ವರ್ಷವಿಡೀ ಇಮೇಲ್‌ಗೆ ಉತ್ತರಿಸದವರು ಈಗ ದಿನಕ್ಕೆರಡು ಸಲ ವಿಚಾರಿಸಿಕೊಳ್ಳುತ್ತಾರೆ. ಈ ಅವಸರದ ಮೂಲ ಇರುವುದು ಕಾನೂನಿನಲ್ಲಿ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. ಮಾರ್ಚ್ 31ಕ್ಕೆ ಹಣ ಉಳಿದರೆ, 2021ರ ತಿದ್ದುಪಡಿಯ ನಂತರ, ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ನಡೆಯುತ್ತಿರುವ ಯೋಜನೆಯದಾದರೆ 30 ದಿನದಲ್ಲಿ ಪ್ರತ್ಯೇಕ ಖಾತೆಗೆ ಹಾಕಬೇಕು, ಇಲ್ಲವಾದರೆ ಆರು ತಿಂಗಳೊಳಗೆ ಪ್ರಧಾನಮಂತ್ರಿ ಪರಿಹಾರ ನಿಧಿಯಂಥ ಕಡೆ ಕಟ್ಟಿಬಿಡಬೇಕು. ಹಾಗಾಗಿ ಮಾರ್ಚ್ ಹತ್ತಿರ ಬಂದಂತೆ ದಾನಿಗಳಿಗೇ ಭಿಕ್ಷುಕರ ತರಾತುರಿ.

ಹಣವಿಲ್ಲ ಎನ್ನುವ ಹಾಗಿಲ್ಲ. 2022–23ರಲ್ಲಿ ದೇಶದ ಕಂಪನಿಗಳು ಈ ಲೆಕ್ಕದಲ್ಲಿ ಖರ್ಚು ಮಾಡಿದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇದೆ, 1996ರಿಂದ ಇನ್ಫೊಸಿಸ್ ಫೌಂಡೇಷನ್ ಇದೆ, ರೋಹಿಣಿ ನಿಲೇಕಣಿ ಅವರ ದತ್ತಿ ಇದೆ. ಮಾಡಲು ಕೆಲಸವಿಲ್ಲ ಎನ್ನುವ ಹಾಗೂ ಇಲ್ಲ. ಕುಮಾರ ಪಾರ್ಕ್ ಪಶ್ಚಿಮದಲ್ಲೊಂದು ಹಳೆಯ ಮನೆ. ಅದರ ಔಟ್‌ಹೌಸ್‌ನಲ್ಲಿ ಸಂಜೆ ಐದರಿಂದ ಏಳೂವರೆಯವರೆಗೆ ನಲವತ್ತು ಮಕ್ಕಳು ಕೂತು ಹೋಂವರ್ಕ್ ಮಾಡುತ್ತವೆ. ಶೇಷಾದ್ರಿಪುರ, ಶ್ರೀರಾಮಪುರದ ಕಡೆಯಿಂದ ಬರುವ ಮಕ್ಕಳು. ತಾಯಂದಿರು ಇದೇ ರಸ್ತೆಯ ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸ ಮುಗಿಸಿ, ಹೋಗುವಾಗ ಕರೆದುಕೊಂಡು ಹೋಗುತ್ತಾರೆ. ಹಣ ಅಲ್ಲಿದೆ, ಕೆಲಸ ಇಲ್ಲಿದೆ, ನಡುವೆ ಇರುವುದು ಕಾಗದ. ಕಾಗದ ಬರೆಯಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನ ಸಂಬಳ ಕೊಡಲು ಮಾತ್ರ ಯಾರೂ ಒಪ್ಪುವುದಿಲ್ಲ.

ಔಟ್‌ಹೌಸಿನ ಈ ಸಂಜೆ ಶಾಲೆ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಪಾಠ ಹೇಳುವ ಮೇಡಂ ಸರ್ಕಾರಿ ಶಾಲೆಯಿಂದ ನಿವೃತ್ತರು. ಅವರ ಜೊತೆ ಸಂಬಳಕ್ಕಿರುವ ಇಬ್ಬರು ಹುಡುಗಿಯರು. ಕಚೇರಿ ಎಂದರೆ ಒಂದು ಗಾಡ್ರೆಜ್ ಬೀರು, ಅದರೊಳಗೆ ಒಂದು ದಪ್ಪ ಬಾಕ್ಸ್ ಫೈಲ್. ಯಾವ ಅರ್ಜಿ ತುಂಬುವುದಿದ್ದರೂ ಮೊದಲು ಆ ಫೈಲು ಹೊರಗೆ ಬರಬೇಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್, ಟ್ರಸ್ಟಿನ ಪ್ಯಾನ್ ಕಾರ್ಡು, ಟ್ರಸ್ಟಿನ ವರಮಾನಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ ಮತ್ತು ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಪತ್ರಗಳು, ಸರ್ಕಾರದ ಹಣಕ್ಕೆ ಬೇಕೇ ಬೇಕಾದ ನೀತಿ ಆಯೋಗದ ದರ್ಪಣ್ ಐಡಿ, 2021ರ ಏಪ್ರಿಲ್‌ನಿಂದ ಕಂಪನಿಗಳ ಹಣಕ್ಕೆ ಬೇಕಾದ ಸಿಎಸ್‌ಆರ್–1 ನೋಂದಣಿ ಸಂಖ್ಯೆ, ಮೂರು ವರ್ಷದ ಆಡಿಟ್ ರಿಪೋರ್ಟ್, ಟ್ರಸ್ಟಿಗಳ ಆಧಾರ್, ಕ್ಯಾನ್ಸಲ್ ಮಾಡಿದ ಒಂದು ಚೆಕ್ಕು, ಅರ್ಜಿ ಹಾಕಲು ಒಪ್ಪಿದ ಠರಾವಿನ ಪ್ರತಿ. ಕೊನೆಯದೇ ಕಷ್ಟದ್ದು. ಠರಾವಿಗೆ ನಡಾವಳಿ ಪುಸ್ತಕ ಬೇಕು. ಸಭೆ ನಿಜವಾಗಿ ನಡೆದಿದ್ದರೂ ಅದನ್ನು ಅಂದೇ ಬರೆದಿಟ್ಟವರು ಕಡಿಮೆ. ಕಾಫಿ ಕುಡಿಯುತ್ತಾ ತೀರ್ಮಾನ ಮಾಡಿ ಎದ್ದುಬಿಡುವುದು ನಮ್ಮ ಟ್ರಸ್ಟ್‌ಗಳ ಹಳೆಯ ರೂಢಿ.

ಇದರಲ್ಲಿ ತೆರಿಗೆ ಇಲಾಖೆಯ ಪತ್ರಗಳದ್ದೇ ಒಂದು ಪ್ರತ್ಯೇಕ ಪುರಾಣ. ಮೊದಲೆಲ್ಲ 12ಎ ಒಮ್ಮೆ ಸಿಕ್ಕಿತೆಂದರೆ ಟ್ರಸ್ಟ್ ಇರುವತನಕ ಇತ್ತು. 2020ರ ಹಣಕಾಸು ಕಾಯ್ದೆ ಬಂದ ಮೇಲೆ ನೂರು ವರ್ಷದ ಸಂಸ್ಥೆಯಿಂದ ಮೊನ್ನೆ ಹುಟ್ಟಿದ ಸಂಸ್ಥೆಯವರೆಗೆ ಎಲ್ಲರೂ ಮತ್ತೆ ನೋಂದಣಿ ಮಾಡಿಸಬೇಕಾಯಿತು, ಅದೂ ಐದೈದು ವರ್ಷಕ್ಕೆ. 2025ರಲ್ಲಿ ಸರ್ಕಾರಕ್ಕೆ ಸ್ವಲ್ಪ ಕನಿಕರ ಬಂದು, ವರಮಾನ 5 ಕೋಟಿ ಮೀರದ ಸಂಸ್ಥೆಗಳಿಗೆ ಅವಧಿಯನ್ನು ಹತ್ತು ವರ್ಷ ಮಾಡಿತು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆಗಳೂ ಬದಲಾಗಿವೆ. ಇಲ್ಲಿ ಹಳೆಯ ಸಂಖ್ಯೆಗಳನ್ನೇ ಹೇಳುತ್ತಿದ್ದೇನೆ, ಜನರ ಬಾಯಲ್ಲಿ ಇನ್ನೂ ಅವೇ ಇವೆ.

80ಜಿ ರಿಯಾಯಿತಿ ಕೊಡುವ ಟ್ರಸ್ಟ್, ವರ್ಷದ ದಾನಿಗಳ ಪಟ್ಟಿಯನ್ನು ಹೆಸರು, ವಿಳಾಸ, ಪ್ಯಾನ್ ಸಮೇತ ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸಬೇಕು. ತಡವಾದರೆ ದಿನಕ್ಕೆ ₹200 ಶುಲ್ಕ. ನಲವತ್ತು ಮಕ್ಕಳಿಗೆ ತಲಾ ₹15ರ ತಿಂಡಿ ಎಂದರೆ ದಿನಕ್ಕೆ ₹600. ಮೂರು ದಿನ ತಡವಾದರೆ ಒಂದು ದಿನದ ಉಪ್ಪಿಟ್ಟು, ಬಾಳೆಹಣ್ಣು ಹೋಯಿತು ಎಂದೇ ಲೆಕ್ಕ. ಪಟ್ಟಿ ಮಾಡಲು ಕೂತಾಗ ಎದುರಾಗುವುದು ನಮ್ಮ ಹಿರಿಯರ ಸ್ವಭಾವ. ಮೊಮ್ಮಗನ ಉಪನಯನದ ನೆನಪಿಗೆಂದು ಲಕೋಟೆಯಲ್ಲಿ ಐದು ಸಾವಿರ ಇಟ್ಟು ‘ಹೆಸರೆಲ್ಲ ಬೇಡಪ್ಪ’ ಎಂದು ಹೋಗುತ್ತಾರೆ. ಹೆಸರಿಲ್ಲದ ದಾನ ಒಂದು ಮಿತಿ ದಾಟಿದರೆ ಟ್ರಸ್ಟ್ ಅದಕ್ಕೆ ಶೇ 30ರಷ್ಟು ತೆರಿಗೆ ಕಟ್ಟಬೇಕು. ನಗದಾದರೆ ₹2,000ಕ್ಕಿಂತ ಹೆಚ್ಚಿನದಕ್ಕೆ ದಾನಿಗೆ ರಿಯಾಯಿತಿಯೂ ಇಲ್ಲ. ಗುಪ್ತದಾನಕ್ಕೆ ಶಾಸ್ತ್ರದಲ್ಲಿ ಪುಣ್ಯ ಹೆಚ್ಚು, ಇಲಾಖೆಯಲ್ಲಿ ತೆರಿಗೆ ಹೆಚ್ಚು.

ಇದೆಲ್ಲ ಈ ಕಾಲದ ಕಿರಿಕಿರಿ, ಹಿಂದೆ ಹೀಗಿರಲಿಲ್ಲ ಎಂದು ಗೊಣಗುವವರು ಕುಮಾರ ಪಾರ್ಕಿನ ಚರಿತ್ರೆಯನ್ನೇ ಒಮ್ಮೆ ನೋಡಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಕಟ್ಟಿಸಿದ ಇಲ್ಲಿನ ಕುಮಾರ ಕೃಪಾ ಬಂಗಲೆಯಲ್ಲಿ 1927ರ ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ಗಾಂಧೀಜಿ ಇದ್ದರು. ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದು ಇಳಿದು ಬಂದ ಮೈಸೂರು ಸಂಸ್ಥಾನದ ಅತಿಥಿ ಅವರು. ಸಮಗ್ರ ಬರಹಗಳ ಸಂಪುಟ ತೆರೆದರೆ ಆ ತಿಂಗಳುಗಳ ಪತ್ರಗಳ ತಲೆಯ ಮೇಲೆ ‘ಕುಮಾರ ಪಾರ್ಕ್, ಬೆಂಗಳೂರು’ ಎಂದೇ ಇದೆ. ವಿಶ್ರಾಂತಿ ಎಂದು ಹೆಸರು. ಜುಲೈನಲ್ಲಿ ಇಲ್ಲೇ ಖಾದಿ ಪ್ರದರ್ಶನ ನಡೆಯಿತು, ಸ್ವಲ್ಪ ಚೇತರಿಸಿಕೊಂಡದ್ದೇ ಸಂಸ್ಥಾನದ ಊರುಗಳಲ್ಲಿ ಓಡಾಡಿ ಖಾದಿಗಾಗಿ ನಿಧಿ ಎತ್ತಿದರು. ಹಾರ ಹಾಕಿದರೆ ಹಾರವನ್ನು, ಮಾನಪತ್ರ ಕೊಟ್ಟರೆ ಅದರ ಕರಂಡಕವನ್ನು ಹರಾಜು ಹಾಕುವುದು ಅವರ ಪದ್ಧತಿ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ದೇಶ ಕಂಡ ಅತಿ ದೊಡ್ಡ ನಿಧಿಸಂಗ್ರಾಹಕ ಮೂರು ತಿಂಗಳು ನಮ್ಮ ಬಡಾವಣೆಯ ನಿವಾಸಿಯಾಗಿದ್ದರು.

ಲೆಕ್ಕದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟು ಯಾವ ಸಿಎಸ್‌ಆರ್ ಮ್ಯಾನೇಜರನೂ ಇರಲಾರ. ನಟಾಲ್ ಇಂಡಿಯನ್ ಕಾಂಗ್ರೆಸ್ಸಿನ 1894ರ ಲೆಕ್ಕದ ಪುಸ್ತಕಗಳು ಇವತ್ತು ಹುಡುಕಿದರೂ ಸಿಕ್ಕಾವು ಎಂದು ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡವರು ಅವರು. ಕೊಟ್ಟ ಪ್ರತಿ ಕಾಸಿಗೂ ರಸೀದಿ ಬೇಕು ಎಂಬುದು ಅವರ ಹಟ. ಹಾಗಿದ್ದೂ ಅವರ ಅಖಿಲ ಭಾರತ ಚರಕ ಸಂಘಕ್ಕೆ ತೆರಿಗೆ ಇಲಾಖೆಯ ನೋಟಿಸು ತಪ್ಪಲಿಲ್ಲ. ಇದು ಧರ್ಮಾರ್ಥ ಸಂಸ್ಥೆ ಹೌದೋ ಅಲ್ಲವೋ ಎಂಬ ವಾದ ಬಾಂಬೆ ಹೈಕೋರ್ಟ್ ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಬಡವರ ಹೊಟ್ಟೆಪಾಡಿಗೆ ನೂಲು ತೆಗೆಸುವುದು ಧರ್ಮಾರ್ಥ ಕೆಲಸವೇ ಸರಿ ಎಂದು ಅಲ್ಲಿ ತೀರ್ಪಾದದ್ದು 1944ರಲ್ಲಿ. ತೆರಿಗೆ ವಕೀಲರು ಆ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಗಾಂಧಿಯ ಸಂಘಕ್ಕೇ ಈ ಪಾಡು ಬಂದ ಮೇಲೆ ಔಟ್‌ಹೌಸ್ ಟ್ರಸ್ಟಿನ ಮಾತೇನು.

ಅದೇ ಆತ್ಮಕಥೆಯಲ್ಲಿ ಇನ್ನೊಂದು ಮಾತೂ ಇದೆ. ಸಾರ್ವಜನಿಕ ಸಂಸ್ಥೆಗಳು ಶಾಶ್ವತ ನಿಧಿ ಇಟ್ಟುಕೊಳ್ಳಬಾರದು, ವರ್ಷ ವರ್ಷ ಜನ ಕೊಟ್ಟದ್ದರಲ್ಲೇ ನಡೆಯಬೇಕು. ಜನ ಕೊಡುವುದು ನಿಲ್ಲಿಸಿದರೆ ಸಂಸ್ಥೆಗೆ ಬದುಕುವ ಹಕ್ಕಿಲ್ಲ ಎಂಬ ಅಭಿಪ್ರಾಯ. ಕುಮಾರ ಪಾರ್ಕಿನಿಂದ ಮೆಜೆಸ್ಟಿಕ್ಕಿಗೆ ಇಳಿದರೆ ಇದಕ್ಕೆ ನೇರ ವಿರುದ್ಧವಾದ ಉತ್ತರ ಸಿಗುತ್ತದೆ. ರೈಲು ನಿಲ್ದಾಣದ ಎದುರು ವ್ಯಾಪಾರಿ ಗುಬ್ಬಿ ತೋಟದಪ್ಪನವರು ಪ್ರಯಾಣಿಕರಿಗಾಗಿ ಕಟ್ಟಿಸಿದ ಛತ್ರ ಬಾಗಿಲು ತೆರೆದದ್ದು 1903ರಲ್ಲಿ. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಛತ್ರ ನಿಲ್ಲಲಿಲ್ಲ, ಬಡ ವಿದ್ಯಾರ್ಥಿಗಳ ನಿಲಯವೂ ನಿಲ್ಲಲಿಲ್ಲ. ಅವರು ಆಸ್ತಿಯನ್ನೇ ಧರ್ಮಕ್ಕೆ ಬಿಟ್ಟು ಹೋಗಿದ್ದರು. ಆ ಕಾಲದ ಛತ್ರ, ದೇವಸ್ಥಾನಗಳಲ್ಲಿ ಪಾರುಪತ್ತೆಗಾರ ಎಂಬೊಬ್ಬ ಇರುತ್ತಿದ್ದ. ಲೆಕ್ಕ, ಉಗ್ರಾಣ, ಬಾಡಿಗೆ ವಸೂಲಿ, ಮೇಲಿನವರಿಗೆ ವರದಿ ಎಲ್ಲ ಅವನದೇ. ಅವನ ಸಂಬಳ ಧರ್ಮದ ಖರ್ಚೋ ಆಡಳಿತದ ಖರ್ಚೋ ಎಂದು ಯಾರೂ ಕೇಳಲಿಲ್ಲ. ಅವನಿಲ್ಲದೆ ಛತ್ರವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಗಾಂಧೀಜಿಯ ಮಾತು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಚರಕ ಸಂಘಕ್ಕೆ ಶಂಕರಲಾಲ್ ಬ್ಯಾಂಕರ್ ಕಾರ್ಯದರ್ಶಿಯಾಗಿದ್ದರು, ಜಮನಾಲಾಲ್ ಬಜಾಜ್ ಖಜಾಂಚಿಯಾಗಿದ್ದರು, ಪತ್ರ ಬರೆಯಲು ಮಹಾದೇವ ದೇಸಾಯಿ ಇದ್ದರು. ಅಂಥ ಜನ ಬಿಟ್ಟಿ ಸಿಗುವ ಕಾಲದಲ್ಲಿ ಶಾಶ್ವತ ನಿಧಿ ಬೇಡ ಎನ್ನುವುದು ಸುಲಭ.

ಈಗಿನ ಲೆಕ್ಕ ಹೇಗಿದೆ ನೋಡೋಣ. ಔಟ್‌ಹೌಸಿನಂಥ ಒಂದು ಸಂಜೆ ಶಾಲೆಯ ವರ್ಷದ ಬಜೆಟ್ಟನ್ನು ಉದಾಹರಣೆಗೆ ಬರೆಯುತ್ತೇನೆ. ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ ತಲಾ ₹10,000ದಂತೆ 2,40,000. ತಿಂಡಿ ದಿನಕ್ಕೆ 600ರಂತೆ 220 ದಿನಕ್ಕೆ 1,32,000. ನೋಟ್‌ಪುಸ್ತಕ, ಪೆನ್ನು, ಚೀಲ ಮಗುವಿಗೆ 1,200ರಂತೆ 48,000. ಇದುವರೆಗೆ 4,20,000. ಇಷ್ಟನ್ನು ಕೇಳಿದರೆ ಯಾವ ದಾನಿಯಾದರೂ ತಲೆಯಾಡಿಸುತ್ತಾನೆ. ಈಗ ಉಳಿದದ್ದು: ವಾರಕ್ಕೆ ಮೂರು ದಿನ ಬಂದು ವೋಚರ್ ಬರೆದು, ರಸೀದಿ ಹರಿದು, ಪೋರ್ಟಲ್‌ಗಳಿಗೆಲ್ಲ ಮಾಹಿತಿ ತುಂಬುವ ಗುಮಾಸ್ತನಿಗೆ ತಿಂಗಳಿಗೆ ₹6,000, ವರ್ಷಕ್ಕೆ 72,000. ಆಡಿಟರ್ ಫೀಸು 20,000. ಕರೆಂಟು, ನೀರು, ಇಂಟರ್‌ನೆಟ್ಟು, ಸುಣ್ಣಬಣ್ಣ ಸೇರಿ 36,000. ಒಟ್ಟು 1,28,000. ದಾನಿ ಹೇಳುತ್ತಾನೆ: ‘ಆಡಳಿತ ವೆಚ್ಚಕ್ಕೆ ಕಾರ್ಯಕ್ರಮದ ಶೇ 10 ಮಾತ್ರ, ಅದು ನಮ್ಮ ಪಾಲಿಸಿ.’ ಅಂದರೆ 42,000. ಬಾಕಿ 86,000 ಎಲ್ಲಿಂದ ಬರಬೇಕು? ಕಾರ್ಯದರ್ಶಿಗಳ ಪೆನ್ಷನ್ನಿನಿಂದ, ಇಲ್ಲವೇ ಗುಮಾಸ್ತನನ್ನು ಬಿಡಿಸುವುದರಿಂದ. ಎರಡನೆಯದೇ ಹೆಚ್ಚು ಕಡೆ ಆಗುವುದು. ಗುಮಾಸ್ತ ಹೋದ ಮರುವರ್ಷ 10ಬಿಡಿ ತಡವಾಗುತ್ತದೆ, ವರದಿ ತಡವಾಗುತ್ತದೆ, ‘ಈ ಟ್ರಸ್ಟಿನವರ ಲೆಕ್ಕ ಸರಿ ಇಲ್ಲ’ ಎಂದು ಅದೇ ದಾನಿ ಷರಾ ಬರೆಯುತ್ತಾನೆ.

ಕೆಲವು ಕಂಪನಿಗಳು ಶೇ 5 ಎನ್ನುತ್ತವೆ, ಕಾನೂನೇ ಹಾಗೆ ಹೇಳುತ್ತದೆ ಎನ್ನುತ್ತವೆ. ಹಾಗಿಲ್ಲ. ಸಿಎಸ್‌ಆರ್ ನಿಯಮದಲ್ಲಿರುವ ಶೇ 5ರ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಆಡಳಿತ ಖರ್ಚಿಗೆ ಸಂಬಂಧಿಸಿದ್ದು. ಕೆಲಸ ಮಾಡುವ ಸಂಸ್ಥೆ ತನ್ನ ಯೋಜನೆ ನಡೆಸಲು ಮಾಡುವ ಖರ್ಚು ಅದರಲ್ಲಿ ಬರುವುದಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಹಾಗೆಯೇ ಪರಿಣಾಮದ ಮೌಲ್ಯಮಾಪನ ಕಡ್ಡಾಯವಾಗಿರುವುದು ಸರಾಸರಿ 10 ಕೋಟಿ ಅಥವಾ ಅದಕ್ಕೂ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿಗಳ 1 ಕೋಟಿ ಅಥವಾ ಅದನ್ನು ಮೀರಿದ ಯೋಜನೆಗಳಿಗೆ. ನಾಲ್ಕು ಲಕ್ಷ ಕೊಟ್ಟು ನಲವತ್ತು ಪುಟದ ‘ಇಂಪ್ಯಾಕ್ಟ್ ರಿಪೋರ್ಟ್’ ಕೇಳುವುದು ಕಾನೂನಲ್ಲ, ಚಟ. ಅರ್ಜಿ ಹಾಕುವವರು ಈ ಎರಡು ವಿಷಯ ತಿಳಿದಿದ್ದರೆ ಮೇಜಿನ ಈಚೆ ಕೂತು ಸುಮ್ಮನೆ ಹೂಂಗುಟ್ಟಬೇಕಾಗಿಲ್ಲ.

ದಾನಿಗಳ ಅನುಮಾನಕ್ಕೆ ಕಾರಣವೇ ಇಲ್ಲ ಎಂದಲ್ಲ. ಲೆಟರ್‌ಹೆಡ್ಡಿನ ಮೇಲೆ ಮಾತ್ರ ಬದುಕಿರುವ ಟ್ರಸ್ಟ್‌ಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಆದರೆ ಕಳ್ಳ ಟ್ರಸ್ಟಿಗೆ ಕಾಗದ ಕಷ್ಟವಲ್ಲ. ಅದು ಕಾಗದಕ್ಕೆಂದೇ ಜನ ಇಟ್ಟಿರುತ್ತದೆ. ಕಾಗದದ ಜರಡಿಯಲ್ಲಿ ಸೋರಿಹೋಗುವುದು ಬಹುಪಾಲು ಪ್ರಾಮಾಣಿಕರೇ.

ಹಾಗಾದರೆ ಗೆಲ್ಲುವ ಅರ್ಜಿ ಯಾವುದು? ಸಮಸ್ಯೆಯನ್ನು ದೇಶದ ಮಟ್ಟದಲ್ಲಿ ಶುರುಮಾಡಿ, ‘ಭಾರತದಲ್ಲಿ ಕೋಟ್ಯಂತರ ಮಕ್ಕಳು’ ಎಂದು ಎರಡು ಪುಟ ಬರೆಯುವ ಅರ್ಜಿ ಅಲ್ಲ. ಆ ಎರಡು ಪುಟ ಓದುವವರಿಗೆ ಬಾಯಿಪಾಠವಾಗಿದೆ. ಕಳೆದ ಜೂನ್‌ನಲ್ಲಿ ಎಷ್ಟು ಮಕ್ಕಳು ಬಂದರು, ಮಾರ್ಚ್‌ನಲ್ಲಿ ಎಷ್ಟು ಉಳಿದರು, ಬಿಟ್ಟವರು ಏಕೆ ಬಿಟ್ಟರು ಎಂಬ ಹಾಜರಿ ಪುಸ್ತಕದ ಒಂದು ಪುಟ ಅದಕ್ಕಿಂತ ಮೇಲು. ಬಜೆಟ್ಟಿನ ಪ್ರತಿ ಸಾಲಿಗೂ ‘ಇಷ್ಟು ಜನಕ್ಕೆ, ಇಷ್ಟು ದಿನಕ್ಕೆ, ಈ ದರದಲ್ಲಿ’ ಎಂಬ ಗುಣಾಕಾರ ಇರಬೇಕು. ಗುಮಾಸ್ತನ ಸಂಬಳವನ್ನು ‘ಇತರೆ’ ಕಾಲಂನಲ್ಲಿ ಬಚ್ಚಿಡಬಾರದು. ಲೆಕ್ಕ ಮತ್ತು ವರದಿಯ ಕೆಲಸಕ್ಕೆ ಎಂದು ರಾಜಾರೋಷವಾಗಿ ಬರೆಯಬೇಕು. ಒಪ್ಪದಿದ್ದರೆ ಹೊಡೆದುಹಾಕಲಿ, ಕೇಳದೆ ಇರುವುದು ನಮ್ಮ ತಪ್ಪು. ದಾನಿಗೆ ಬೇಕೆಂದು ಕೆಲಸವನ್ನೇ ಬದಲಿಸುವುದು ಇನ್ನೂ ದೊಡ್ಡ ತಪ್ಪು. ಈ ವರ್ಷ ಕಂಪನಿಗೆ ಪರಿಸರ ಬೇಕಂತೆ ಎಂದು ಹೋಂವರ್ಕ್ ಬಿಡಿಸಿ ಮಕ್ಕಳ ಕೈಗೆ ಸಸಿ ಕೊಟ್ಟು ಫೋಟೊ ತೆಗೆಸುವ ಸಂಸ್ಥೆಗಳಿಗೆ ಎರಡು ವರ್ಷದಲ್ಲಿ ತಾವು ಏನು ಮಾಡಲು ಹೊರಟಿದ್ದೆವು ಎನ್ನುವುದೇ ಮರೆತಿರುತ್ತದೆ.

ಭಾಷೆಯದ್ದೂ ಒಂದು ತೊಡಕು. ಮಕ್ಕಳ ಜೊತೆ, ತಾಯಂದಿರ ಜೊತೆ ದಿನವಿಡೀ ಕನ್ನಡದಲ್ಲಿ ಕೆಲಸ ಮಾಡಿ, ರಾತ್ರಿ ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಮೇಡಂ ಬಾಯಲ್ಲಿ ಹೇಳಿದರೆ ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ. ಅದೇ ವಿಷಯ ಅರ್ಜಿಯಲ್ಲಿ ಸಪ್ಪೆ. ಬೆಂಗಳೂರಿನಲ್ಲೇ ಇರುವ, 1995ರಿಂದ ಕಲೆಯ ಕ್ಷೇತ್ರಕ್ಕೆ ಅನುದಾನ ಕೊಡುತ್ತಿರುವ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಭಾರತದ ಯಾವ ಭಾಷೆಯಲ್ಲಿ ಬರೆದ ಅರ್ಜಿಯನ್ನೂ ಸ್ವೀಕರಿಸುತ್ತದೆ. ಅವರಿಗೆ ಸಾಧ್ಯವಾದದ್ದು ಇಲ್ಲೇ ಲಾಭ ಗಳಿಸುವ ಕಂಪನಿಗಳಿಗೆ ಏಕೆ ಆಗದು?

ಸರ್ಕಾರದ ಅನುದಾನದಲ್ಲಿ ಕನ್ನಡದ ತೊಂದರೆ ಇಲ್ಲ, ಕಂತಿನ ತೊಂದರೆ ಇದೆ. ಮೊದಲ ಕಂತು ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಎರಡನೆಯದು ಬೇಕಾದರೆ ಮೊದಲನೆಯದರ ಹಣಬಳಕೆ ಪ್ರಮಾಣಪತ್ರ, ಎಲ್ಲರೂ ‘ಯುಸಿ’ ಎನ್ನುವ ಪತ್ರ, ಆಡಿಟರ್ ಸಹಿಯೊಂದಿಗೆ ಹೋಗಬೇಕು. ಅಷ್ಟರಲ್ಲಿ ಶಿಕ್ಷಕಿಯರ ಸಂಬಳ ನಿಂತಿರುತ್ತದೆ. ಕೈಯಿಂದ ಹಾಕಿ ನಡೆಸುವ ಶಕ್ತಿ ಇದ್ದವರಿಗೆ ಮಾತ್ರ ಸಹಾಯಧನ ಎಂಬ ವಿಚಿತ್ರ ಏರ್ಪಾಡು ಇದು.

ಅಮೆರಿಕದಲ್ಲಿರುವ ಮಕ್ಕಳಿಂದ ಹಣ ತರಿಸೋಣ ಎನ್ನುವವರು ಮಲ್ಲೇಶ್ವರ, ಬಸವನಗುಡಿ, ಕುಮಾರ ಪಾರ್ಕ್‌ನಲ್ಲಿ ಮನೆಗೊಬ್ಬರು. ಇಲ್ಲಿ ಎಚ್ಚರ ಬೇಕು. ಮಗನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಅವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅಲ್ಲಿನ ಪೌರನಾಗಿ ಒಸಿಐ ಕಾರ್ಡ್ ಹಿಡಿದಿದ್ದರೆ ಅದು ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯಡಿ, ಎಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದು ಸಿಗಲು ಮೂರು ವರ್ಷದ ಕೆಲಸ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ವರ್ಷಕ್ಕೆ ಐದು ಲಕ್ಷದ ಟ್ರಸ್ಟ್ ಆ ದಾರಿ ಹಿಡಿಯದಿರುವುದೇ ಕ್ಷೇಮ. ಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಹೊಸ ವ್ಯವಸ್ಥೆಯಲ್ಲಿ 2023ರ ಕೊನೆಗೆ ಮೊದಲು ಹಣ ಎತ್ತಿದ್ದು ಬೆಂಗಳೂರಿನ ಉನ್ನತಿ ಸಂಸ್ಥೆಯೇ, ನಿಜ. ಆದರೆ ಅದೂ ವರ್ಷಕ್ಕೆ 50 ಲಕ್ಷ ಖರ್ಚು ಮಾಡುವವರ ಅಂಗಳ.

ಕೊನೆಗೆ ಸಣ್ಣ ಟ್ರಸ್ಟಿಗೆ ಉಳಿಯುವುದು ಅದೇ ಬೀದಿಯ ಜನ. ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹಾಗೆಯೇ ಬೆಳೆದದ್ದು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ತಮ್ಮನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಪೂರ್ತಿಯಾಗಿ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅಷ್ಟು ದೊಡ್ಡ ಮನಸ್ಸು ಎಲ್ಲರಿಂದಲೂ ನಿರೀಕ್ಷಿಸಬೇಕಾಗಿಲ್ಲ. ಆದರೆ ಮುಂದಿನ ಸಲ ನಿಮ್ಮ ಬಡಾವಣೆಯ ಟ್ರಸ್ಟಿಗೆ ಹಣ ಕೊಡುವಾಗ ರೂಢಿಯಂತೆ ‘ಮೂಲಧನಕ್ಕೆ’ ಎಂದು ಬರೆಯಬೇಡಿ. ಹಾಗೆ ಬರೆದರೆ ಆ ಹಣವನ್ನು ಠೇವಣಿ ಇಡಬೇಕಾಗುತ್ತದೆ, ಈ ತಿಂಗಳ ಕರೆಂಟ್ ಬಿಲ್ಲಿಗೆ ಮುಟ್ಟುವಂತಿಲ್ಲ. ‘ಮಕ್ಕಳ ಊಟಕ್ಕೆ ಮಾತ್ರ’ ಎಂದೂ ಬರೆಯಬೇಡಿ. ಊಟಕ್ಕೆ ಕೊಡುವವರು ಇದ್ದಾರೆ. ‘ಸಂಸ್ಥೆ ಇದನ್ನು ಯಾವ ಖರ್ಚಿಗಾದರೂ, ಕಚೇರಿಯ ಸಂಬಳಕ್ಕೂ, ಬಳಸಿಕೊಳ್ಳಬಹುದು’ ಎಂದು ಒಂದು ಸಾಲು ಬರೆದು ಚೆಕ್ಕಿನ ಜೊತೆ ಇಡಿ. ಕೆಳಗೆ ನಿಮ್ಮ ಪ್ಯಾನ್ ಸಂಖ್ಯೆ ಬರೆಯುವುದನ್ನು ಮರೆಯಬೇಡಿ.